ಹೋದ ವರ್ಷದ ಗುರಿಯೇ ಈ ವರ್ಷಕ್ಕೂ: ಎಂಡ್ರೂ ಪ್ರಕರಣ

2010ರ ಏಪ್ರಿಲ್. ಅಮೆರಿಕದ ಕೊಲರಾಡೊ ರಾಜ್ಯದ ಡಗ್ಲಸ್ ಕೌಂಟಿ, ಡೆನ್ವರ್ ನಗರದಿಂದ ದಕ್ಷಿಣಕ್ಕೆ. ನಾಲ್ಕನೇ ತರಗತಿ ಮುಗಿಸುತ್ತಿದ್ದ ಎಂಡ್ರೂ ಎಂಬ ವಿಶೇಷ ಅಗತ್ಯದ ಹುಡುಗನ ತಂದೆ ತಾಯಿಯ ಮುಂದೆ ಸರ್ಕಾರಿ ಶಾಲೆಯವರು ಮುಂದಿನ ವರ್ಷದ ಕಲಿಕಾ ಯೋಜನೆ ಇಟ್ಟರು. ಓದಿ ನೋಡಿದರೆ ಹಿಂದಿನ ವರ್ಷಗಳ ಯೋಜನೆಗೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ತಂದೆ ತಾಯಿ ಒಪ್ಪಲಿಲ್ಲ. ಅಲ್ಲಿಂದ ಶುರುವಾದ ಜಗಳ 2017ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಟ್ಟಿತು. ಪೂರ್ತಿ ಮುಗಿದದ್ದು 2018ರಲ್ಲಿ.

ಕಾನೂನು ಪುಸ್ತಕಗಳಲ್ಲಿ ಇದರ ಹೆಸರು 'ಎಂಡ್ರೂ ಎಫ್. ವಿರುದ್ಧ ಡಗ್ಲಸ್ ಕೌಂಟಿ ಶಾಲಾ ಜಿಲ್ಲೆ'. ಅಮೆರಿಕದಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಕ್ಕೆ ಶಾಲಾ ಜಿಲ್ಲೆ ಅನ್ನುತ್ತಾರೆ. ನಮ್ಮ ಕಂದಾಯ ಜಿಲ್ಲೆಗೂ ಅದಕ್ಕೂ ಸಂಬಂಧವಿಲ್ಲ.

ವಿಶೇಷ ಅಗತ್ಯದ ಮಕ್ಕಳ ಹೆತ್ತವರು ಯಾವ ಊರಲ್ಲಿದ್ದರೂ ಒಂದು ಉತ್ತರವನ್ನು ಕೇಳಿಸಿಕೊಂಡೇ ಇರುತ್ತಾರೆ: "ನಮ್ಮ ಕೈಲಾದಷ್ಟು ಮಾಡ್ತಾ ಇದ್ದೇವೆ." ಹಾಗೆ ಹೇಳುವ ಶಿಕ್ಷಕರಲ್ಲಿ ಹೆಚ್ಚಿನವರು ನಿಜವನ್ನೇ ಹೇಳುತ್ತಿರುತ್ತಾರೆ. ಆದರೆ ಶಾಲೆ ಎಷ್ಟು ಮಾಡಿತು ಅನ್ನುವುದು ಒಂದು ಪ್ರಶ್ನೆ. ಮಗು ಎಷ್ಟು ಮುಂದೆ ಹೋಯಿತು ಅನ್ನುವುದು ಬೇರೆಯೇ ಪ್ರಶ್ನೆ. ಎಂಡ್ರೂವಿನ ತಂದೆ ತಾಯಿ ಈ ಎರಡನೇ ಪ್ರಶ್ನೆಯನ್ನು ಕೊನೆತನಕ ಬಿಡಲಿಲ್ಲ. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯಬೇಕು ಅಂತ ನನಗೆ ಅನಿಸಿದ್ದು ಅದಕ್ಕೇ.

ಹುಡುಗ ಮತ್ತು ಅವನ ಶಾಲೆ

ಎರಡು ವರ್ಷದವನಿದ್ದಾಗ ಎಂಡ್ರೂಗೆ ಆಟಿಸಂ ಇದೆ ಎಂದು ಗೊತ್ತಾಯಿತು. ಶಾಲೆಗೆ ಮುಂಚಿನ ತರಗತಿಯಿಂದ ನಾಲ್ಕನೇ ತರಗತಿ ತನಕ ಅವನು ಓದಿದ್ದು ಡಗ್ಲಸ್ ಕೌಂಟಿಯ ಸರ್ಕಾರಿ ಶಾಲೆಗಳಲ್ಲೇ. ನಗಿಸುವ ಹುಡುಗ, ಸ್ವಭಾವ ತುಂಬಾ ಮೃದು, ಸ್ನೇಹಿತರ ಬಗ್ಗೆ ಕಾಳಜಿ ಇದೆ ಎಂದು ಅವನ ಶಿಕ್ಷಕರೇ ಹೇಳಿದ್ದರು. ಸುಪ್ರೀಂ ಕೋರ್ಟ್ ತೀರ್ಪಿನಲ್ಲೂ ಈ ಮಾತು ಬರುತ್ತದೆ. ಅದು ಅಲ್ಲಿ ಇದೆ ಅನ್ನುವುದೇ ನನಗೆ ಸಮಾಧಾನ. ಇಂಥ ಪ್ರಕರಣಗಳ ಕಾಗದಪತ್ರಗಳಲ್ಲಿ ಮಗು ಬರೀ ಸಮಸ್ಯೆಗಳ ಪಟ್ಟಿಯಾಗಿ ಬಿಡುವುದೇ ಜಾಸ್ತಿ.

ಸಮಸ್ಯೆಗಳೂ ಸಣ್ಣವಾಗಿರಲಿಲ್ಲ. ತರಗತಿಯಲ್ಲಿ ಕಿರುಚುತ್ತಿದ್ದ. ಮೇಜು ಕುರ್ಚಿಗಳ ಮೇಲೆ, ಕೆಲವೊಮ್ಮೆ ಬೇರೆ ಮಕ್ಕಳ ಮೇಲೂ ಹತ್ತುತ್ತಿದ್ದ. ಆಗಾಗ ಶಾಲೆಯಿಂದ ಓಡಿಹೋಗುತ್ತಿದ್ದ. ನೊಣ ಕಂಡರೆ ಭಯ. ನೆಲದ ಮೇಲೆ ಏನಾದರೂ ಚೆಲ್ಲಿದರೆ ಭಯ. ಸಾರ್ವಜನಿಕ ಶೌಚಾಲಯ ಅಂದರೆ ಭಯ. ನಮಗೆ ಇವು ದಿನನಿತ್ಯದ ಸಂಗತಿಗಳು. ಅವನಿಗೆ ಪಾಠದ ಮೇಲೆ ಮನಸ್ಸಿಡಲು ಬಿಡದಷ್ಟು ದೊಡ್ಡವು. ಒಂದು ನೊಣ ಕೋಣೆಯೊಳಗೆ ಬಂದರೆ ಆ ಹೊತ್ತಿನ ಗಣಿತ ಮುಗಿದ ಹಾಗೆ, ಅಲ್ವಾ? ಹಾಗಾಗಿ ನಡವಳಿಕೆಯನ್ನು ಸರಿಯಾಗಿ ಗಮನಿಸಿ ಅದಕ್ಕೊಂದು ದಾರಿ ಹುಡುಕದೆ ಓದು ಬರಹ ಮುಂದೆ ಹೋಗುವಂತಿರಲಿಲ್ಲ.

ಇನ್ನು ಯೋಜನೆಯ ವಿಷಯ. ಅಮೆರಿಕದಲ್ಲಿರುವ ಕನ್ನಡಿಗ ಹೆತ್ತವರು ಇದನ್ನು ಐಇಪಿ ಅಂತಲೇ ಕರೆಯುತ್ತಾರೆ. "ನಾಳೆ ಮಗನ ಐಇಪಿ ಮೀಟಿಂಗ್ ಇದೆ" ಅನ್ನುವ ಮಾತು ಅಲ್ಲಿನ ಮನೆಗಳಲ್ಲಿ ಕೇಳಿಬರುತ್ತದೆ. ಅಂಗವೈಕಲ್ಯವಿರುವ ಪ್ರತಿ ಮಗುವಿಗೂ ಅದರದ್ದೇ ಆದ ಲಿಖಿತ ಯೋಜನೆ ಇರಬೇಕು ಅನ್ನುವುದು ಅಲ್ಲಿನ ಕಾಯ್ದೆ. ಮಗು ಈಗ ಯಾವ ಹಂತದಲ್ಲಿದೆ, ಒಂದು ವರ್ಷದಲ್ಲಿ ಎಲ್ಲಿಗೆ ಮುಟ್ಟಬೇಕು, ಅದಕ್ಕೆ ಶಾಲೆ ಏನು ಕೊಡುತ್ತದೆ, ಮುಟ್ಟಿತೋ ಇಲ್ಲವೋ ಎಂದು ಹೇಗೆ ಅಳೆಯುತ್ತದೆ, ಇಷ್ಟೂ ಅದರಲ್ಲಿ ಬರೆದಿರಬೇಕು. ವರ್ಷಕ್ಕೆ ಒಮ್ಮೆಯಾದರೂ ಅದನ್ನು ಮತ್ತೆ ನೋಡಬೇಕು. ಯೋಜನೆ ಮಾಡುವ ತಂಡದಲ್ಲಿ ತಂದೆ ತಾಯಿಗೂ ಸದಸ್ಯರ ಸ್ಥಾನ ಇದೆ. ಅವರು ಅಲ್ಲಿ ಅತಿಥಿಗಳಲ್ಲ.

ಎಂಡ್ರೂವಿಗೆ ಪ್ರತಿ ವರ್ಷ ಈ ಯೋಜನೆ ಆಯಿತು. ಮೀಟಿಂಗ್ ನಡೆಯಿತು. ಕಾಗದ ತಯಾರಾಯಿತು. ಆದರೆ ಒಂದು ವರ್ಷದ ಗುರಿಗಳು ಬಹುಮಟ್ಟಿಗೆ ಹಾಗೇ ಮುಂದಿನ ವರ್ಷಕ್ಕೆ ದಾಟುತ್ತಾ ಹೋದವು. ಹೋದ ವರ್ಷ ಕಲಿಯಬೇಕಿದ್ದದ್ದನ್ನು ಈ ವರ್ಷವೂ ಕಲಿಯಬೇಕು ಎಂದು ಬರೆದಿದ್ದರೆ ಅದರ ಅರ್ಥ ಒಂದೇ: ಹೋದ ವರ್ಷ ಕಲಿಯಲಿಲ್ಲ. ಇದನ್ನು ತಿಳಿಯಲು ತಜ್ಞರು ಬೇಕಾಗಿಲ್ಲ. ಎರಡು ವರ್ಷದ ಕಾಗದಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಸಾಕು. ಈ ಇಡೀ ಪ್ರಕರಣದ ಜೀವಾಳ ಆ ಹೋಲಿಕೆ. ಮಗು ಮನೆಯಲ್ಲಿ ಹೇಗಿದೆ ಎಂದು ತಂದೆ ತಾಯಿ ಕಣ್ಣೀರಿಟ್ಟು ಹೇಳಿದ್ದರೆ "ನಿಮ್ಮ ಸಂಕಟ ಅರ್ಥವಾಗುತ್ತದೆ" ಎಂಬ ಉತ್ತರ ಸಿಗುತ್ತಿತ್ತು, ಅಷ್ಟೇ. ಶಾಲೆಯೇ ಬರೆದು ಕೊಟ್ಟ ಕಾಗದಗಳಿಗೆ ಹಾಗೆ ಉತ್ತರ ಕೊಡಲು ಬರುವುದಿಲ್ಲ.

ಶಾಲೆ ಬದಲಾಯಿಸಿದ ಮೇಲೆ

2010ರ ಮೇ ತಿಂಗಳಲ್ಲಿ ತಂದೆ ತಾಯಿ ಅವನನ್ನು ಸರ್ಕಾರಿ ಶಾಲೆಯಿಂದ ಬಿಡಿಸಿದರು. ಫೈರ್‌ಫ್ಲೈ ಆಟಿಸಂ ಹೌಸ್ ಅನ್ನುವ ಖಾಸಗಿ ಶಾಲೆಗೆ ಸೇರಿಸಿದರು. ಆಟಿಸಂ ಇರುವ ಮಕ್ಕಳಿಗೆಂದೇ ಇರುವ ಶಾಲೆ ಅದು. ಫೀಸು ವರ್ಷಕ್ಕೆ ಸುಮಾರು 70,000 ಡಾಲರ್.

ಅಲ್ಲಿ ಮೊದಲು ನಡೆದದ್ದು ನಡವಳಿಕೆಯ ಕೆಲಸ. ಅವನಿಗೆ ಹೆಚ್ಚು ತೊಂದರೆ ಕೊಡುತ್ತಿದ್ದ ನಡವಳಿಕೆಗಳು ಯಾವುವು ಎಂದು ಗುರುತಿಸಿ, ಒಂದೊಂದಕ್ಕೂ ಏನು ಮಾಡಬೇಕು ಎಂದು ಯೋಜನೆ ಬರೆದರು. ಜೊತೆಗೆ ಓದಿನ ಗುರಿಗಳನ್ನು ಇಳಿಸಲಿಲ್ಲ, ಮೊದಲಿಗಿಂತ ಗಟ್ಟಿ ಮಾಡಿದರು. ಕೆಲವೇ ತಿಂಗಳಲ್ಲಿ ಹುಡುಗನ ನಡವಳಿಕೆ ಗಮನಾರ್ಹವಾಗಿ ಸುಧಾರಿಸಿತು. ಸರ್ಕಾರಿ ಶಾಲೆಯಲ್ಲಿ ಕಾಣದಿದ್ದ ಕಲಿಕೆ ಇಲ್ಲಿ ಕಾಣತೊಡಗಿತು.

ಸುಮಾರು ಆರು ತಿಂಗಳ ನಂತರ, 2010ರ ನವೆಂಬರ್‌ನಲ್ಲಿ, ತಂದೆ ತಾಯಿ ಮತ್ತೆ ಶಾಲಾ ಜಿಲ್ಲೆಯವರ ಜೊತೆ ಕೂತರು. ನನಗೆ ಈ ಭೇಟಿ ತುಂಬಾ ಮುಖ್ಯ ಅನಿಸುತ್ತದೆ. ಅಷ್ಟು ಹೊತ್ತಿಗೆ ಯಾವ ದಾರಿ ಈ ಮಗುವಿಗೆ ಹಿಡಿಸುತ್ತದೆ ಎಂದು ಗೊತ್ತಾಗಿತ್ತು. ಶಾಲಾ ಜಿಲ್ಲೆ ಮನಸ್ಸು ಮಾಡಿದ್ದರೆ ಅದನ್ನೇ ತನ್ನ ಯೋಜನೆಗೆ ಸೇರಿಸಿಕೊಳ್ಳಬಹುದಿತ್ತು. ಹೊಸ ಐಇಪಿ ಏನೋ ಬಂತು. ಆದರೆ ಅದರಲ್ಲಿ ನಡವಳಿಕೆಗೆ ಸಂಬಂಧಿಸಿದ ಭಾಗ ನಾಲ್ಕನೇ ತರಗತಿಯದ್ದಕ್ಕಿಂತ ಬೇರೆಯಾಗಿರಲಿಲ್ಲ ಅನ್ನುವುದು ಹೆತ್ತವರ ಮಾತು. ಅವರು ಅದನ್ನೂ ಒಪ್ಪಲಿಲ್ಲ.

2012ರ ಫೆಬ್ರುವರಿಯಲ್ಲಿ ಅವರು ಕೊಲರಾಡೊ ಶಿಕ್ಷಣ ಇಲಾಖೆಗೆ ದೂರು ಕೊಟ್ಟರು. ಖಾಸಗಿ ಶಾಲೆಗೆ ಕಟ್ಟಿದ ಫೀಸನ್ನು ಶಾಲಾ ಜಿಲ್ಲೆ ವಾಪಸ್ ಕೊಡಬೇಕು ಎಂದು ಕೇಳಿದರು. ಹೀಗೆ ಕೇಳಲು ಮೊದಲೇ ದಾರಿ ಇತ್ತು. 1993ರ ಕಾರ್ಟರ್ ಪ್ರಕರಣದಲ್ಲಿ ಸೌತ್ ಕ್ಯಾರೊಲಿನಾದ ಒಬ್ಬ ಹುಡುಗಿಯ ತಂದೆ ತಾಯಿ ಇದೇ ರೀತಿ ಗೆದ್ದಿದ್ದರು. ಅವಳಿಗೆ ಕಲಿಕಾ ನ್ಯೂನತೆ ಇತ್ತು. ಇಡೀ ವರ್ಷದಲ್ಲಿ ನಾಲ್ಕು ತಿಂಗಳಷ್ಟು ಕಲಿತರೆ ಸಾಕು ಎಂದು ಅವಳ ಶಾಲೆ ಗುರಿ ಇಟ್ಟಿತ್ತು! ಆ ಪ್ರಕರಣದಿಂದ ಉಳಿದ ನಿಯಮ ಇದು: ಸರ್ಕಾರಿ ಶಾಲೆಯ ಯೋಜನೆ ಸಾಲದು ಎಂದು ತೋರಿಸಬೇಕು, ಖಾಸಗಿ ಶಾಲೆ ಮಗುವಿಗೆ ಸರಿಹೊಂದಿತು ಎಂದೂ ತೋರಿಸಬೇಕು. ಎರಡೂ ಆದರೆ ಹಣ ವಾಪಸ್ ಸಿಗಬಹುದು. ಆಗದಿದ್ದರೆ ಕಟ್ಟಿದ್ದೆಲ್ಲ ತಂದೆ ತಾಯಿಯ ಮೇಲೇ.

ಎಲ್ಲಾ ಕಡೆ ಸೋಲು

ರಾಜ್ಯದ ವಿಚಾರಣೆಯಲ್ಲಿ ಸೋತರು. 2014ರಲ್ಲಿ ಫೆಡರಲ್, ಅಂದರೆ ಕೇಂದ್ರದ, ಜಿಲ್ಲಾ ನ್ಯಾಯಾಲಯದಲ್ಲೂ ಸೋತರು. ವರ್ಷದಿಂದ ವರ್ಷಕ್ಕೆ ಗುರಿಗಳಲ್ಲಿ ಸಣ್ಣಪುಟ್ಟ ಬದಲಾವಣೆ ಇದೆ, ಕನಿಷ್ಠ ಪ್ರಗತಿಯಾದರೂ ಆಗಿದೆ ಎಂದು ಕಾಣುತ್ತದೆ, ಅಷ್ಟು ಸಾಕು ಎಂದು ನ್ಯಾಯಾಲಯ ಹೇಳಿತು. 2015ರಲ್ಲಿ ಮೇಲ್ಮನವಿ ನ್ಯಾಯಾಲಯವಾದ ಟೆಂತ್ ಸರ್ಕ್ಯೂಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅಲ್ಲಿದ್ದ ಅಳತೆಗೋಲು ಹೀಗಿತ್ತು: ಏನೂ ಇಲ್ಲ ಅನ್ನುವುದಕ್ಕಿಂತ ತುಸು ಜಾಸ್ತಿ ಪ್ರಯೋಜನ ಮಗುವಿಗೆ ಸಿಕ್ಕಿದ್ದರೆ ಶಾಲೆಯ ಜವಾಬ್ದಾರಿ ಮುಗಿಯಿತು.

ಇಷ್ಟು ಕಡಿಮೆ ಅಳತೆ ಎಲ್ಲಿಂದ ಬಂತು? ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

1970ರ ದಶಕದ ಮೊದಲು ಅಮೆರಿಕದಲ್ಲೂ ಅಂಗವೈಕಲ್ಯವಿರುವ ಮಕ್ಕಳನ್ನು ಸರ್ಕಾರಿ ಶಾಲೆಗಳು ಬಾಗಿಲಲ್ಲೇ ವಾಪಸ್ ಕಳಿಸಬಹುದಿತ್ತು. ಪೆನ್ಸಿಲ್ವೇನಿಯಾದಲ್ಲಿ ಮತ್ತು ರಾಜಧಾನಿ ವಾಷಿಂಗ್ಟನ್‌ನಲ್ಲಿ ಹೆತ್ತವರು ಕೋರ್ಟಿಗೆ ಹೋದರು. 1971 ಮತ್ತು 1972ರಲ್ಲಿ ಅವರಿಗೆ ಗೆಲುವು ಸಿಕ್ಕಿತು. ಅದರ ಬೆನ್ನಲ್ಲೇ 1975ರಲ್ಲಿ ಕಾಯ್ದೆ ಬಂತು. ಆಗ ಸುಮಾರು 10 ಲಕ್ಷ ಅಂಗವಿಕಲ ಮಕ್ಕಳು ಸರ್ಕಾರಿ ಶಾಲೆಯಿಂದ ಪೂರ್ತಿ ಹೊರಗಿದ್ದಾರೆ ಎಂದು ಅಮೆರಿಕದ ಸಂಸತ್ತೇ ಕಾಯ್ದೆಯಲ್ಲಿ ಬರೆದಿತ್ತು. ಆ ಕಾಯ್ದೆಯನ್ನು ಇವತ್ತು ಐಡಿಇಎ ಅನ್ನುತ್ತಾರೆ. ಪ್ರತಿ ಮಗುವಿಗೂ ಉಚಿತವಾದ, ಅದಕ್ಕೆ ತಕ್ಕ ಸಾರ್ವಜನಿಕ ಶಿಕ್ಷಣ ಸಿಗಬೇಕು ಎಂದು ಅದು ಹೇಳುತ್ತದೆ. ಎಷ್ಟು ಸಿಕ್ಕರೆ ಸಾಕು ಅಂತ ಮಾತ್ರ ಹೇಳಲಿಲ್ಲ.

ಆ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಮೊದಲ ಸಲ ಬಂದದ್ದು 1982ರಲ್ಲಿ, ಏಮಿ ರೌಲಿ ಪ್ರಕರಣದಲ್ಲಿ. ಏಮಿ ನ್ಯೂಯಾರ್ಕ್ ರಾಜ್ಯದ ಕಿವುಡ ಹುಡುಗಿ. ತಂದೆ ತಾಯಿಯೂ ಕಿವುಡರು. ತರಗತಿಯಲ್ಲಿ ಸನ್ನೆ ಭಾಷೆಯ ದುಭಾಷಿ ಬೇಕು ಎಂದು ಅವರು ಕೇಳಿದರು. ಅವಳು ಜಾಣೆ, ತರಗತಿಯ ಸರಾಸರಿಗಿಂತ ಚೆನ್ನಾಗಿ ಓದುತ್ತಿದ್ದಾಳೆ, ದುಭಾಷಿ ಬೇಡ ಎಂದು ಶಾಲೆ ಹೇಳಿತು. ಏಮಿಯ ಕುಟುಂಬದ ಪರ ವಾದಿಸಿದವರು ಮೈಕಲ್ ಚಾಟಾಫ್, ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ ಮೊದಲ ಕಿವುಡ ವಕೀಲರು. ನ್ಯಾಯಾಧೀಶರ ಪ್ರಶ್ನೆಗಳನ್ನು ಅವರು ಪರದೆಯ ಮೇಲೆ ಓದಿಕೊಂಡು ಉತ್ತರ ಕೊಟ್ಟರು. ಆದರೂ 6-3ರಲ್ಲಿ ಸೋತರು. ಮಗುವಿಗೆ ಒಂದಷ್ಟು ಶೈಕ್ಷಣಿಕ ಪ್ರಯೋಜನ ಆಗುತ್ತಿದ್ದರೆ, ತರಗತಿಯಿಂದ ತರಗತಿಗೆ ದಾಟುತ್ತಿದ್ದರೆ ಸಾಕು, ಅವಳ ಪೂರ್ತಿ ಸಾಮರ್ಥ್ಯ ಹೊರತರುವ ಹೊಣೆ ಶಾಲೆಗಿಲ್ಲ ಎಂದು ತೀರ್ಪಾಯಿತು. ಏಮಿ ಮುಂದೆ ಸನ್ನೆ ಭಾಷೆಯ ಪ್ರಾಧ್ಯಾಪಕಿಯಾದರು.

ಆ 'ಒಂದಷ್ಟು' ಎಷ್ಟು ಎಂದು ಬೇರೆ ಬೇರೆ ಮೇಲ್ಮನವಿ ನ್ಯಾಯಾಲಯಗಳು ಬೇರೆ ಬೇರೆ ರೀತಿ ಓದಿಕೊಂಡವು. ಕೆಲವು ಕಡೆ ಪ್ರಯೋಜನ ಅರ್ಥಪೂರ್ಣವಾಗಿರಬೇಕು ಅಂದರು. ಕೊಲರಾಡೊ ಬರುವ ಟೆಂತ್ ಸರ್ಕ್ಯೂಟ್‌ನಲ್ಲಿ ಅದು ಸೊನ್ನೆಗಿಂತ ತುಸು ಮೇಲೆ ಬಂದು ನಿಂತಿತು. ಅಂದರೆ ಒಂದೇ ದೇಶ, ಒಂದೇ ಕಾಯ್ದೆ. ಆದರೂ ಮಗುವಿಗೆ ಏನು ಸಿಗುತ್ತದೆ ಅನ್ನುವುದು ಅಪ್ಪ ಅಮ್ಮ ಯಾವ ರಾಜ್ಯದಲ್ಲಿ ಮನೆ ಮಾಡಿದ್ದಾರೆ ಅನ್ನುವುದರ ಮೇಲೆ ನಿಂತಿತ್ತು.

ಸುಪ್ರೀಂ ಕೋರ್ಟಿನಲ್ಲಿ

ವಾದ ನಡೆದದ್ದು 2017ರ ಜನವರಿ 11ರಂದು. ಎಂಡ್ರೂ ಪರ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆಫ್ರಿ ಫಿಶರ್. ಶಾಲಾ ಜಿಲ್ಲೆಯ ಪರ ಭಾರತ ಮೂಲದ ಹೆಸರಾಂತ ವಕೀಲ ನೀಲ್ ಕತ್ಯಾಲ್. ಅಮೆರಿಕ ಸರ್ಕಾರ ಕುಟುಂಬದ ಪರ ನಿಂತಿತು. ಶಾಲಾ ಜಿಲ್ಲೆಯ ವಾದವನ್ನೂ ಇಲ್ಲಿ ಹೇಳಬೇಕು. ರೌಲಿ ತೀರ್ಪು ಮೂವತ್ತೈದು ವರ್ಷದಿಂದ ನಡೆದುಕೊಂಡು ಬಂದಿದೆ, ಕಾಯ್ದೆಯಲ್ಲಿ ಇಷ್ಟೇ ಪ್ರಗತಿ ಆಗಬೇಕು ಎಂಬ ಮಟ್ಟ ಇಲ್ಲ, ಇರುವುದು ಸರಿಯಾದ ವಿಧಾನದ ಖಾತರಿ ಮಾತ್ರ ಅನ್ನುವುದು ಅವರ ಮಾತು. ಶಾಲೆಗಳ ಖರ್ಚಿನ ಭಯವೂ ಸುಳ್ಳಲ್ಲ. 1975ರ ಕಾಯ್ದೆ ಬಂದಾಗ, ಒಂದು ಮಗುವಿನ ಶಿಕ್ಷಣಕ್ಕೆ ದೇಶದಲ್ಲಿ ಆಗುವ ಸರಾಸರಿ ಖರ್ಚಿನ ಶೇ. 40ರ ತನಕ ಕೇಂದ್ರ ಸರ್ಕಾರ ಕೊಡುವ ಮಾತಿತ್ತು. ಆ ಮಟ್ಟವನ್ನು ಅದು ಯಾವತ್ತೂ ಮುಟ್ಟಿಲ್ಲ. ಆದರೆ ಆ ಕೊರತೆಯ ಭಾರ ಹೊರಬೇಕಾದ್ದು ನೊಣಕ್ಕೆ ಹೆದರುವ ಒಬ್ಬ ಹುಡುಗ ಅಲ್ಲ.

ಮಾರ್ಚ್ 22ರಂದು ತೀರ್ಪು ಬಂತು. ಆಗ ಒಂಬತ್ತು ನ್ಯಾಯಮೂರ್ತಿಗಳಲ್ಲಿ ತೀರಿಕೊಂಡಿದ್ದ ಸ್ಕಾಲಿಯಾ ಅವರ ಸ್ಥಾನ ಖಾಲಿ ಇತ್ತು. ಉಳಿದ ಎಂಟೂ ಮಂದಿ ಒಂದೇ ಕಡೆ ಇದ್ದರು. ಬರೆದವರು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್. ಮಗುವಿನ ಪರಿಸ್ಥಿತಿಯನ್ನು ನೋಡಿಕೊಂಡು, ಅದಕ್ಕೆ ತಕ್ಕ ಪ್ರಗತಿ ಆಗುವಂಥ ಯೋಜನೆಯನ್ನು ಶಾಲೆ ಕೊಡಬೇಕು ಎಂದು ಅವರು ಬರೆದರು. ಸಾಮಾನ್ಯ ತರಗತಿಯಲ್ಲಿ ಪೂರ್ತಿ ಬೆರೆತು ಓದುವ ಮಗುವಿಗೆ ಅದು ಸಾಮಾನ್ಯವಾಗಿ ತರಗತಿಯಿಂದ ತರಗತಿಗೆ ದಾಟುವುದು. ಅದು ಸಾಧ್ಯವಿಲ್ಲದ ಮಗುವಿಗೂ ಅದರ ಮಟ್ಟಿಗೆ ದೊಡ್ಡದು ಅನ್ನುವಂಥ ಗುರಿ ಇರಬೇಕು. ಗುರಿಗಳು ಬೇರೆ ಇರಬಹುದು, ಆದರೆ ಸವಾಲಿನ ಗುರಿ ಮುಟ್ಟುವ ಅವಕಾಶ ಪ್ರತಿ ಮಗುವಿಗೂ ಸಿಗಬೇಕು. ವರ್ಷದಿಂದ ವರ್ಷಕ್ಕೆ ಸೊನ್ನೆಗಿಂತ ತುಸು ಮೇಲಿನ ಪ್ರಗತಿ ಕೊಡುವುದನ್ನು ಶಿಕ್ಷಣ ಅನ್ನಲೂ ಆಗದು ಎಂದರು. ಹಾಗೆ ಕಲಿಸುವುದೂ, ಶಾಲೆ ಬಿಡುವ ವಯಸ್ಸು ಬರುವ ತನಕ ಮಗುವನ್ನು ಸುಮ್ನೆ ಕೂರಿಸುವುದೂ ಒಂದೇ ಎನ್ನುವ ಅರ್ಥದ ಮಾತು ತೀರ್ಪಿನಲ್ಲಿದೆ. ಐಇಪಿ ಅಂದರೆ ಖಾಲಿ ಜಾಗ ತುಂಬಿಸುವ ಫಾರಂ ಅಲ್ಲ ಅನ್ನುವುದನ್ನೂ ಸ್ಪಷ್ಟವಾಗಿ ಹೇಳಿದರು.

ಅದೇ ದಿನ ಇನ್ನೊಂದು ಕಡೆ ನ್ಯಾಯಾಧೀಶ ನೀಲ್ ಗೊರ್ಸಚ್ ಅವರನ್ನು ಸುಪ್ರೀಂ ಕೋರ್ಟಿಗೆ ನೇಮಿಸುವ ಬಗ್ಗೆ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸಮಿತಿ ಅವರನ್ನು ಪ್ರಶ್ನಿಸುತ್ತಿತ್ತು. ಟೆಂತ್ ಸರ್ಕ್ಯೂಟ್‌ನಲ್ಲಿದ್ದಾಗ 2008ರಲ್ಲಿ, ಆಟಿಸಂ ಇದ್ದ ಇನ್ನೊಬ್ಬ ಹುಡುಗನ ಪ್ರಕರಣದಲ್ಲಿ, ಈಗ ಬಿದ್ದುಹೋದ ಅಳತೆಯನ್ನೇ ಬಳಸಿ ಅವರು ತೀರ್ಪು ಬರೆದಿದ್ದರು. ಸೆನೆಟರುಗಳು ಅದರ ಬಗ್ಗೆ ಕೇಳಿದರು. ತಮ್ಮ ನ್ಯಾಯಾಲಯದ ಹಿಂದಿನ ತೀರ್ಪಿಗೆ ತಾವು ಕಟ್ಟುಬಿದ್ದಿದ್ದಾಗಿ ಅವರು ಉತ್ತರಿಸಿದರು.

ಹೆತ್ತವರು ಕೇಳಿದ್ದೆಲ್ಲ ಸಿಗಲಿಲ್ಲ ಅನ್ನುವುದನ್ನೂ ಮುಚ್ಚಿಡಬಾರದು. ಬೇರೆ ಮಕ್ಕಳಿಗೆ ಇರುವಷ್ಟೇ ಅವಕಾಶ ಈ ಮಕ್ಕಳಿಗೂ ಸಿಗಬೇಕು ಅನ್ನುವುದು ಅವರ ವಾದವಾಗಿತ್ತು. ಅದನ್ನು ಕೋರ್ಟ್ ಒಪ್ಪಲಿಲ್ಲ. 1982ರಲ್ಲೇ ಅದನ್ನು ತಳ್ಳಿಹಾಕಿದ್ದೇವೆ ಎಂದಿತು. ಇಷ್ಟು ಪ್ರಗತಿ ಆದರೆ ಸರಿ ಎಂಬ ಲೆಕ್ಕವನ್ನೂ ಹಾಕಿಕೊಡಲಿಲ್ಲ. ಶಿಕ್ಷಕರ ಅನುಭವಕ್ಕೆ ನ್ಯಾಯಾಲಯಗಳು ಬೆಲೆ ಕೊಡಬೇಕು ಅಂತಲೂ ಹೇಳಿತು. ಜೊತೆಗೆ ಒಂದು ಷರತ್ತು ಸೇರಿಸಿತು: ಈ ಯೋಜನೆ ಈ ಮಗುವಿಗೆ ಹೇಗೆ ತಕ್ಕದ್ದು ಎಂದು ಶಾಲೆ ಸರಿಯಾದ, ಕೇಳಿದ್ದಕ್ಕೆ ಉತ್ತರವಾಗುವಂಥ ವಿವರಣೆ ಕೊಡುವಂತಿರಬೇಕು. ನನ್ನ ಪ್ರಕಾರ ಹೆತ್ತವರಿಗೆ ದಿನನಿತ್ಯದ ಕೆಲಸಕ್ಕೆ ಬರುವುದು ತೀರ್ಪಿನ ದೊಡ್ಡ ಮಾತುಗಳಿಗಿಂತ ಈ ಒಂದು ಸಾಲು. ಯಾಕೆ ಅಂತ ಕೇಳಿದರೆ ಶಾಲೆ ಉತ್ತರ ಕೊಡಬೇಕು.

ಅದೇ ನ್ಯಾಯಾಧೀಶರು, ಅದೇ ಕಡತ

ಸುಪ್ರೀಂ ಕೋರ್ಟ್ ಅಳತೆ ಬದಲಿಸಿತೇ ಹೊರತು ಕುಟುಂಬಕ್ಕೆ ಹಣ ಕೊಡಿಸಲಿಲ್ಲ. ಪ್ರಕರಣ ಕೆಳಗೆ ಇಳಿದು ಮತ್ತೆ ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೆ, 2014ರಲ್ಲಿ ಹೆತ್ತವರ ವಿರುದ್ಧ ತೀರ್ಪು ಕೊಟ್ಟಿದ್ದ ನ್ಯಾಯಾಧೀಶ ಲೂಯಿಸ್ ಬ್ಯಾಬ್‌ಕಾಕ್ ಅವರ ಮುಂದಕ್ಕೇ ಬಂತು. 2018ರ ಫೆಬ್ರುವರಿಯಲ್ಲಿ ಅವರು ಕುಟುಂಬದ ಪರ ತೀರ್ಪು ಕೊಟ್ಟರು. 2010ರ ಏಪ್ರಿಲ್‌ನ ಯೋಜನೆ ಹಳೆಯದರ ಮುಂದುವರಿಕೆ ಅಷ್ಟೇ, ಹಳೆಯ ಯೋಜನೆಯಿಂದ ಆಗಿದ್ದ ಪ್ರಗತಿ ತೀರಾ ಕಡಿಮೆ, ನಡವಳಿಕೆಯ ತೊಂದರೆಗಳಿಗೆ ಶಾಲಾ ಜಿಲ್ಲೆ ಸರಿಯಾದ ದಾರಿ ಹುಡುಕಲಿಲ್ಲ ಎಂದು ಕಂಡುಕೊಂಡರು. ಹುಡುಗನ ಕಥೆ ಬದಲಾಗಿರಲಿಲ್ಲ. ಶಾಲೆಯ ಕಾಗದಗಳೂ ಅವೇ. ಯಾವುದನ್ನು ಸಾಕು ಅನ್ನಬೇಕು ಅನ್ನುವುದು ಬದಲಾಗಿತ್ತು, ಅದರಿಂದಲೇ ಫಲಿತಾಂಶ ಪೂರ್ತಿ ತಿರುಗಿತು.

ಆ ವರ್ಷವೇ ರಾಜಿಯಾಯಿತು. ಫೀಸು ಮತ್ತು ವಕೀಲರ ಖರ್ಚು ಸೇರಿ ಸುಮಾರು 13 ಲಕ್ಷ ಡಾಲರ್ ಅನ್ನು ಶಾಲಾ ಜಿಲ್ಲೆ ಕೊಟ್ಟಿತು. ಸುಪ್ರೀಂ ಕೋರ್ಟ್ ತೀರ್ಪು ಬರುವ ಹೊತ್ತಿಗೆ ಎಂಡ್ರೂಗೆ 17 ವರ್ಷ. ಐದನೇ ತರಗತಿಯ ಯೋಜನೆಯ ಬಗ್ಗೆ ಶುರುವಾದ ತಕರಾರು ಅವನ ಬಾಲ್ಯ ಮುಗಿಯುವ ತನಕ ನಡೆಯಿತು.

ಈ ಗೆಲುವಿನಲ್ಲಿ ನನಗೆ ನೋವು ತರುವ ಒಂದು ಸಂಗತಿ ಇದೆ. ಇಂಥ ಹೋರಾಟಕ್ಕೆ ಇಳಿಯಬೇಕಾದರೆ ಮೊದಲು ಕೈಯಿಂದ ಹಣ ಹಾಕಬೇಕು. ವರ್ಷಕ್ಕೆ 70,000 ಡಾಲರ್ ಕಟ್ಟುತ್ತಾ, ವಾಪಸ್ ಬರುತ್ತದೋ ಇಲ್ಲವೋ ಗೊತ್ತಿಲ್ಲದೆ ಕಾಯುವುದು ಎಷ್ಟು ಮನೆಗಳಿಗೆ ಸಾಧ್ಯ? ಜೊತೆಗೆ 2005ರ ಒಂದು ತೀರ್ಪಿನ ಪ್ರಕಾರ, ವಿಚಾರಣೆ ಕೇಳಿದವರೇ ಶಾಲೆಯ ಯೋಜನೆ ಸಾಲದು ಎಂದು ಸಾಬೀತು ಮಾಡಬೇಕು. ಹಾಗೆ ಕೇಳುವವರು ಹೆಚ್ಚಾಗಿ ತಂದೆ ತಾಯಿಯೇ. 2006ರ ಇನ್ನೊಂದು ತೀರ್ಪಿನ ಪ್ರಕಾರ, ಗೆದ್ದರೂ ತಜ್ಞರಿಗೆ ಕೊಟ್ಟ ಫೀಸು ವಾಪಸ್ ಸಿಗುವುದಿಲ್ಲ. ತೀರ್ಪು ಎಲ್ಲಾ ಮಕ್ಕಳಿಗೂ ಅನ್ವಯಿಸುತ್ತದೆ, ನಿಜ. ಅದನ್ನು ತಂದುಕೊಟ್ಟದ್ದು ಮಾತ್ರ ಖರ್ಚನ್ನು ತಡೆದುಕೊಳ್ಳಬಲ್ಲ ಒಂದು ಮನೆ.

ಐಇಪಿ ಮೀಟಿಂಗಿಗೆ ಹೋಗುವ ಕನ್ನಡಿಗರಿಗೆ

ಕೋರ್ಟಿಗೆ ಹೋಗುವ ಮೊದಲು ಮಾಡಬಹುದಾದ ಕೆಲಸ ಬಹಳ ಇದೆ. ಅದರಲ್ಲಿ ಹೆಚ್ಚಿನದಕ್ಕೆ ದುಡ್ಡು ಬೇಡ.

ನಮ್ಮ ಮಂದಿ ಮೇಷ್ಟ್ರು, ಮೇಡಂ ಹೇಳಿದ ಮೇಲೆ ಎದುರು ಮಾತಾಡಬಾರದು ಎಂದು ಬೆಳೆದವರು. ಒಳ್ಳೆಯ ಗುಣವೇ ಅದು. ಆದರೆ ಐಇಪಿ ಮೀಟಿಂಗಿನಲ್ಲಿ ಅದೇ ಅಡ್ಡ ಬರುತ್ತದೆ. ಮೇಜಿನ ಆಚೆ ಆರೇಳು ಜನ, ಎಲ್ಲರ ಕೈಯಲ್ಲೂ ಕಾಗದ, ಈಚೆ ಇಬ್ಬರು. ತಲೆ ಆಡಿಸಿ ಸಹಿ ಹಾಕಿ ಬರುವುದು ಸುಲಭ. ಹಾಜರಿದ್ದೆ ಎಂದು ಹಾಕುವ ಸಹಿ ಬೇರೆ, ಒಪ್ಪಿದ್ದೇನೆ ಎಂದು ಹಾಕುವ ಸಹಿ ಬೇರೆ. ಯಾವುದಕ್ಕೆ ಹಾಕುತ್ತಿದ್ದೀರಿ ಎಂದು ಕೇಳಿಕೊಳ್ಳಿ. ಕಾಗದವನ್ನು ಮನೆಗೆ ತಂದು ಓದಿ ಆಮೇಲೆ ಉತ್ತರ ಹೇಳಿದರೆ ಅದು ಯಾರಿಗೂ ಅವಮಾನ ಅಲ್ಲ.

ಇಂಗ್ಲಿಷ್ ಕಷ್ಟವಾದರೆ ದುಭಾಷಿಯನ್ನು ಕೇಳಬಹುದು. ಮೀಟಿಂಗಿನಲ್ಲಿ ನಡೆಯುವುದು ಹೆತ್ತವರಿಗೆ ಅರ್ಥವಾಗುವಂತೆ ನೋಡಿಕೊಳ್ಳುವುದು ಶಾಲೆಯ ಕರ್ತವ್ಯ ಎಂದು ಐಡಿಇಎ ನಿಯಮಗಳೇ ಹೇಳುತ್ತವೆ. ಕನ್ನಡಕ್ಕೂ ಅದು ಅನ್ವಯಿಸುತ್ತದೆ. ಮಗನ ಜೊತೆಗಿರಲು ಊರಿಂದ ಹೋಗಿರುವ ಅಜ್ಜಿಗಿಂತ, ಇಂಗ್ಲಿಷ್‌ನಲ್ಲಿ ಅರ್ಧ ಅರ್ಥವಾಗಿ ಸುಮ್ಮನಾಗುವ ಅಮ್ಮನಿಗೆ ಇದು ಹೆಚ್ಚು ಬೇಕು.

ಏನಾದರೂ ಕೇಳಿದಾಗ ಶಾಲೆ ಆಗುವುದಿಲ್ಲ ಅಂದರೆ, ಯಾಕೆ ಆಗುವುದಿಲ್ಲ ಎಂದು ಲಿಖಿತವಾಗಿ ಕೊಡಬೇಕು. ಇದೂ ಕಾಯ್ದೆಯಲ್ಲೇ ಇದೆ. ಬಾಯಿಮಾತಿನಲ್ಲಿ ಇಲ್ಲ ಅನ್ನುವುದು ಸುಲಭ. ಕಾರಣ ಬರೆದು ಕೊಡಬೇಕಾದಾಗ ಶಾಲೆಯವರೂ ಎರಡು ಸಲ ಯೋಚಿಸುತ್ತಾರೆ. ಶಾಲೆ ಮಾಡಿಸಿದ ಪರೀಕ್ಷೆಯ ಫಲಿತಾಂಶ ಸರಿಯಿಲ್ಲ ಅನಿಸಿದರೆ, ಹೊರಗಿನ ತಜ್ಞರಿಂದ ಶಾಲೆಯ ಖರ್ಚಿನಲ್ಲೇ ಮತ್ತೊಂದು ಪರೀಕ್ಷೆ ಕೇಳಲು ಅವಕಾಶ ಇದೆ. ಎಂಡ್ರೂವಿನ ಹಾಗೆ ಖಾಸಗಿ ಶಾಲೆಗೆ ಸೇರಿಸಿ ಹಣ ಕೇಳುವ ಯೋಚನೆ ಇದ್ದರೆ ಮುಂಚಿತವಾಗಿ ಶಾಲೆಗೆ ತಿಳಿಸಲೇಬೇಕು. ಕೊನೆಯ ಐಇಪಿ ಮೀಟಿಂಗಿನಲ್ಲೇ ಹೇಳಬೇಕು, ಇಲ್ಲವೇ ಬಿಡಿಸುವ ಹತ್ತು ಕೆಲಸದ ದಿನ ಮೊದಲು ಲಿಖಿತವಾಗಿ ಕೊಡಬೇಕು. ಅದು ತಪ್ಪಿದರೆ ವಾಪಸ್ ಬರುವ ಹಣ ಕಡಿಮೆಯಾಗಬಹುದು, ಪೂರ್ತಿ ಹೋಗಲೂಬಹುದು.

ಎಲ್ಲಕ್ಕಿಂತ ಮುಖ್ಯ ಹಳೆಯ ಐಇಪಿಗಳನ್ನು ಎಸೆಯದೆ ಇಟ್ಟುಕೊಳ್ಳುವುದು. ಮೀಟಿಂಗಿಗೆ ಹೋಗುವ ಹಿಂದಿನ ರಾತ್ರಿ ಹೋದ ವರ್ಷದ ಗುರಿಗಳನ್ನೂ ಈ ವರ್ಷದ ಗುರಿಗಳನ್ನೂ ಅಕ್ಕಪಕ್ಕ ಇಟ್ಟು ಓದಿ. ಒಂದೇ ಸಾಲು ಎರಡರಲ್ಲೂ ಇದ್ದರೆ ಅಡಿಗೆರೆ ಎಳೆಯಿರಿ. "ಇದು ಯಾಕೆ ಆಗಲಿಲ್ಲ? ಈ ಸಲ ಏನು ಬೇರೆ ಮಾಡುತ್ತೀರಿ?" ಎಂದು ಕೇಳಿ. ದನಿ ಎತ್ತಬೇಕಿಲ್ಲ.

ನಮ್ಮಲ್ಲಿ

ಎಂಡ್ರೂ ತೀರ್ಪು ಬಂದ ಮುಂದಿನ ತಿಂಗಳೇ, 2017ರ ಏಪ್ರಿಲ್ 19ರಂದು, ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಜಾರಿಗೆ ಬಂತು. 21 ಬಗೆಯ ಅಂಗವೈಕಲ್ಯಗಳು ಅದರಲ್ಲಿವೆ. ಆಟಿಸಂ ಇದೆ, ಕಲಿಕಾ ನ್ಯೂನತೆಯೂ ಇದೆ. ನಿಗದಿತ ಮಟ್ಟದ ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲೋ ಬೇಕಾದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕು ಇದೆ. ಆದರೆ ಹೆತ್ತವರು ತಂಡದಲ್ಲಿ ಕೂತು ಮಾಡುವ, ತಪ್ಪಿದರೆ ವಿಚಾರಣೆ ಕೇಳಬಹುದಾದ ಐಇಪಿಯಂಥ ಲಿಖಿತ ಯೋಜನೆಯನ್ನು ಈ ಕಾಯ್ದೆ ಕಡ್ಡಾಯ ಮಾಡಿಲ್ಲ. ನಮ್ಮ ಹೆತ್ತವರ ಕೈಯಲ್ಲಿ ಎಂಡ್ರೂವಿನ ತಂದೆ ತಾಯಿಯ ಬಳಿ ಇದ್ದ ಕಾಗದವೇ ಇರುವುದಿಲ್ಲ. ನಮ್ಮಲ್ಲಿ ಮಾತು ಹೆಚ್ಚಾಗಿ ಸೀಟು ಸಿಗುತ್ತದೋ ಇಲ್ಲವೋ, ಎಸ್‌ಎಸ್‌ಎಲ್‌ಸಿಗೆ ಹೆಚ್ಚುವರಿ ಸಮಯ, ಬರೆಯುವವರು ಸಿಗುತ್ತಾರೋ ಇಲ್ಲವೋ ಅನ್ನುವುದರ ಸುತ್ತಲೇ ನಿಲ್ಲುತ್ತದೆ. ಅವೂ ಬೇಕು. ನಡುವಿನ ಹತ್ತು ವರ್ಷ ಮಗು ತರಗತಿಯಲ್ಲಿ ಕೂತು ಏನು ಕಲಿಯಿತು ಅನ್ನುವ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಕಲಿಸುವವರ ವಿಷಯದಲ್ಲಿ 2021ರ ಅಕ್ಟೋಬರ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಇರಬೇಕು ಎಂದಿತು.

ಹಾಗಂತ ಇವತ್ತು ನಮ್ಮ ಕೈ ಖಾಲಿ ಅಂತಲ್ಲ. 2016ರ ಕಾಯ್ದೆಯ 16ನೇ ಕಲಂ ಸರ್ಕಾರಿ ಶಾಲೆಗಳಿಗಷ್ಟೇ ಅಲ್ಲ, ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಗಳಿಗೂ ಅನ್ವಯಿಸುತ್ತದೆ. ಮಗುವಿಗೆ ಬೇಕಾದ ನೆರವು ಕೊಡಬೇಕು, ಅಂಗವೈಕಲ್ಯವಿರುವ ಪ್ರತಿ ವಿದ್ಯಾರ್ಥಿಯ ಕಲಿಕೆ ಎಲ್ಲಿಗೆ ಮುಟ್ಟಿದೆ ಎಂದು ಗಮನಿಸುತ್ತಿರಬೇಕು ಎಂದು ಅದರಲ್ಲಿದೆ. ಗಮನಿಸಿದ್ದರೆ ಅದರ ದಾಖಲೆ ಇರಲೇಬೇಕು. ಬೆಂಗಳೂರಿನ, ಹುಬ್ಬಳ್ಳಿಯ, ಕೊಪ್ಪಳದ ಒಬ್ಬ ಅಮ್ಮ ಆ ದಾಖಲೆಯನ್ನು ಮುಖ್ಯ ಶಿಕ್ಷಕರ ಬಳಿ ಲಿಖಿತವಾಗಿ ಕೇಳಬಹುದು. ಅರ್ಜಿಯ ನಕಲಿನ ಮೇಲೆ ತಾರೀಖು ಮತ್ತು ಸ್ವೀಕೃತಿ ಹಾಕಿಸಿಕೊಳ್ಳಬೇಕು. ಮುಂದಿನ ವರ್ಷ ಅದೇ ದಿನಕ್ಕೆ ಮತ್ತೆ ಕೇಳಬೇಕು. ಉತ್ತರ ಬರದಿದ್ದರೆ ಆ ಕಾಯ್ದೆಯಡಿ ಇರುವ ರಾಜ್ಯ ಆಯುಕ್ತರಿಗೆ ದೂರು ಕೊಡಲು ದಾರಿ ಇದೆ.